ಮೂರು ಬೀಜದ ಕಾಯಿ

ಮೊನ್ನೆ ಪರೀಕ್ಷೆಯ ಕೋಣೆಯಲ್ಲಿ ಉತ್ತರ ಪತ್ರಿಕೆಗಳಿಗೆ ಸಹಿ ಹಾಕುತ್ತ ಸಾಗಿದ್ದೆ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಬರೆಯುವುದು ಬಿಟ್ಟು ನನ್ನ ಹೆಬ್ಬೆರಳನ್ನೇ ನೋಡತೊಡಗಿದಳು. ಉಗುರಿನ ಅಂಚು ಕಪ್ಪಾಗಿತ್ತು, ಬದಿಯ ಚರ್ಮ ಒಡೆದು ಒರಟಾಗಿತ್ತು. ಬಾಗಿಲಿಗೆ ಸಿಕ್ಕಿತೇ ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು. ಇಲ್ಲಮ್ಮ, ಶೇಂಗಾ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಗದ್ವಾಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ, ನಡೆಯುವಾಗಲೂ ಗಡಿಯಾರ ನೋಡಿಕೊಳ್ಳುವ ಮೇಡಮ್ಮಿಗೂ ಶೇಂಗಾಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಆ ಮುಖದಲ್ಲಿ ಚೆನ್ನಾಗಿಯೇ ಕಂಡಿತು. ಪ್ರಶ್ನೆ ಪತ್ರಿಕೆಯಲ್ಲಿ ಇಲ್ಲದ ಪ್ರಶ್ನೆ. ಉತ್ತರ ಹೇಳುವಷ್ಟು ಸಮಯ ಅಲ್ಲಿ ಇರಲಿಲ್ಲ. ಇಲ್ಲಿ ಇದೆ.

ಉತ್ತರ ಹೇಳಬೇಕೆಂದರೆ ನಿಮ್ಮನ್ನು ಮಕ್ತಲ್‌ಗೆ, ನಾನು ಈಗಲೂ ಶೇಂಗಾ ಒಡೆಯಲು ಹೋಗಿ ಕೂರುವ ನನ್ನ ಅಕ್ಕ ಗೌರಮ್ಮನ ಪಡಸಾಲೆಗೆ ಕರೆದುಕೊಂಡು ಹೋಗಬೇಕು. ಹೋಗುವ ದಾರಿಯಲ್ಲಿ ನಾರಾಯಣಪೇಟೆ ಬರುತ್ತದೆ. ಭೂಪಟ ತೆಗೆದು ನೋಡಿದರೆ ಗದ್ವಾಲದಿಂದ ಹೊರಟವರಿಗೆ ಮೊದಲು ಸಿಗುವುದು ಮಕ್ತಲ್, ನಾರಾಯಣಪೇಟೆ ಅದರ ಆಚೆ. ನನ್ನ ಮನಸ್ಸಿನ ಪ್ರಯಾಣ ಮಾತ್ರ ಯಾವಾಗಲೂ ನಾರಾಯಣಪೇಟೆಯ ಮೇಲೆಯೇ ಹೋಗುತ್ತದೆ, ಯಾಕೆಂದರೆ ನಾವಿಬ್ಬರೂ ಹುಟ್ಟಿದ್ದು ಅಲ್ಲಿ.

ನೀವು ಶೇಂಗಾ ಒಡೆದಿದ್ದೀರಾ? ಹುರಿದ ಶೇಂಗಾ ಅಲ್ಲ. ಅದನ್ನು ಸಿನಿಮಾ ನೋಡುತ್ತ ಯಾರು ಬೇಕಾದರೂ ಒಡೆಯುತ್ತಾರೆ. ನಾನು ಹೇಳುತ್ತಿರುವುದು ಬಿತ್ತನೆಗೆ ಇಟ್ಟ, ಹುರಿಯದ ಶೇಂಗಾ. ಅದರ ಸಿಪ್ಪೆ ಒಣಗಿ ಹಲ್ಲಿಗೂ ಜಗ್ಗದಷ್ಟು ಗಟ್ಟಿಯಾಗಿರುತ್ತದೆ. ಒಡೆಯುವ ಯಂತ್ರ ಮಕ್ತಲ್‌ನಲ್ಲಿಯೂ ಇದೆ. ಎಣ್ಣೆಗೆ ಹೋಗುವ ಕಾಯಿಯನ್ನು ಅದಕ್ಕೆ ಹಾಕುತ್ತಾರೆ. ಬೀಜಕ್ಕೆಂದು ಇಟ್ಟದ್ದನ್ನು ನಮ್ಮ ಮನೆಯಲ್ಲಿ ಹಾಕುವುದಿಲ್ಲ. ಬೀಜದ ಮೇಲಿನ ಕೆಂಪು ಪೊರೆ ಎಲ್ಲಾದರೂ ಹರಿದರೆ ಮಣ್ಣಿನಲ್ಲಿ ಅದು ಕೊಳೆಯುತ್ತದೆ, ಮೊಳೆಯುವುದಿಲ್ಲ. ಆದ್ದರಿಂದ ಹೆಬ್ಬೆರಳಿನ ಉಗುರನ್ನು ಕಾಯಿಯ ಮೂತಿಗೆ ಇಟ್ಟು ಒತ್ತಬೇಕು, ಒಂದೊಂದೇ, ಅವಸರವಿಲ್ಲದೆ. ಹೀಗೆ ಒಡೆಯುವಾಗ ಕೈಗೆ ಮಾತ್ರ ಕೆಲಸ. ಬಾಯಿ, ಕಿವಿ, ತಲೆ ಎಲ್ಲ ರಜೆಯ ಮೇಲೆ.

ನಾರಾಯಣಪೇಟೆಯ ನಮ್ಮ ಅಂಗಳದಲ್ಲಿ ಅವ್ವ ಹಿಂಗಾರಿಗೆ ಮುಂಚೆ ಓಣಿಯ ಹೆಂಗಸರನ್ನೆಲ್ಲ ಕರೆಯುತ್ತಿದ್ದಳು. ಹಿಂದಿನ ಓಣಿಯಿಂದ ಮಗ್ಗದ ಸದ್ದು ಬರುತ್ತಿತ್ತು, ಈ ಓಣಿಯಲ್ಲಿ ಕಾಯಿ ಒಡೆಯುವ ಸದ್ದು. ಪ್ರತಿಯೊಬ್ಬರ ಮುಂದೆ ಒಂದು ಮೊರ. ಮೊರಕ್ಕೆ ನಮ್ಮ ಕಡೆ ಮರ ಎನ್ನುತ್ತಾರೆ. ಒಡೆಯುತ್ತ ಎಷ್ಟು ತಿಂದರೂ ಯಾರೂ ಏನೂ ಅನ್ನುವಂತಿರಲಿಲ್ಲ, ಆದರೆ ಉಡಿಯಲ್ಲಿ ಕಟ್ಟಿಕೊಂಡು ಹೋಗುವಂತಿರಲಿಲ್ಲ. ಮುಂದೆ ಸುರಿದ ಮೊರ ಮುಗಿಸದೆ ಏಳುವುದೂ ಇರಲಿಲ್ಲ. ಆಟಕ್ಕೆ ಹೋಗುವ ಆತುರದಲ್ಲಿ ನಾನು ಒಡೆಯದ ಕಾಯಿಗಳನ್ನು ಸಿಪ್ಪೆಯ ಕೆಳಗೆ ತಳ್ಳಿ ಮುಗಿಯಿತೆಂದು ಕೈ ಝಾಡಿಸುತ್ತಿದ್ದೆ. ಅವ್ವ ಮಾತು ನಿಲ್ಲಿಸದೆ, ನನ್ನ ಕಡೆ ತಿರುಗದೆ, ಆ ಸಿಪ್ಪೆಯೊಳಗೆ ಒಮ್ಮೆ ಕೈ ಆಡಿಸುತ್ತಿದ್ದಳು. ಕಾಯಿಗಳು ಮತ್ತೆ ಮೇಲೆ ಬರುತ್ತಿದ್ದವು. “ಮರ ಮುಗ್ಸಿ ಏಳು,” ಅಷ್ಟೇ ಅವಳ ಮಾತು.

ಇನ್ನೊಂದು ಪದ್ಧತಿ ಇತ್ತು, ಅದನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ನಮ್ಮ ಕಡೆಯ ಶೇಂಗಾದಲ್ಲಿ ಸಾಮಾನ್ಯವಾಗಿ ಎರಡು ಬೀಜ. ಎಲ್ಲೋ ಅಪರೂಪಕ್ಕೆ ಮೂರು ಬೀಜದ ಕಾಯಿ ಸಿಗುತ್ತದೆ. ಅದು ಯಾರ ಕೈಗೆ ಬರುತ್ತದೋ ಅವರು ಒಂದು ಸುದ್ದಿ ಹೇಳಬೇಕು, ಕೂತವರು ಯಾರೂ ಕೇಳಿರದ ಸುದ್ದಿ. ದೊಡ್ಡದೇ ಆಗಬೇಕೆಂದಿಲ್ಲ. ಬೀಗರ ಮನೆಯ ಸಾರಿನಲ್ಲಿ ಉಪ್ಪಿರಲಿಲ್ಲ ಎಂದರೂ ನಡೆಯುತ್ತಿತ್ತು. ಹೇಳಿ ಮುಗಿಸಿದ ಮೇಲೆ ಆ ಮೂರೂ ಬೀಜ ಹೇಳಿದವರ ಬಾಯಿಗೆ.

ಇದು ಅವ್ವ ಹಾಕಿದ ಪದ್ಧತಿ ಎಂದು ನಾನು. ಅಲ್ಲ, ಅಜ್ಜಿಯದು ಎಂದು ಅಕ್ಕ. ಯಾರು ಸರಿ ಎಂದು ಗೊತ್ತಿಲ್ಲ. ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವಳು, ಆ ಕಾರಣಕ್ಕೇ ನನ್ನ ನೆನಪನ್ನು ಪೂರಾ ನಂಬುವುದಿಲ್ಲ. ಮಳೆಯಲ್ಲಿ ನೆನೆಯುತ್ತ ಮನೆಗೆ ಬಂದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ದಿನದ ಪುಟ ತೆಗೆದರೆ, ಸೆಕೆ ತಡೆಯಲಾಗಲಿಲ್ಲ ಎಂದು ನನ್ನದೇ ಅಕ್ಷರದಲ್ಲಿ ಇರುತ್ತದೆ. ಮಳೆ ಎಲ್ಲಿಂದ ಬಂತೋ. ಹಾಗಾಗಿ ಅಂಗಳದ ಬಗ್ಗೆ ಹೇಳಿದ್ದರಲ್ಲಿ ನಾಲ್ಕಾಣೆಯಷ್ಟು ಕಳೆದು ಓದಿಕೊಳ್ಳಿ. ಮೂರು ಬೀಜದ ಕಾಯಿ ಮಾತ್ರ ನಿಜ, ಅದಕ್ಕೆ ಅಕ್ಕನ ಸಾಕ್ಷಿ ಇದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಅಂಗಳ ಬಿಟ್ಟು, ವಿಶ್ವವಿದ್ಯಾಲಯ ಸೇರಿ, ಅರ್ಥಶಾಸ್ತ್ರ ಓದಿದ ಮೇಲೆ ನನಗೆ ಸಮಯ ಎಂಬುದು ಎಣ್ಣೆಯ ಗಾಣದಂತೆ ಕಾಣತೊಡಗಿತು. ಹಾಕಿದ್ದರಿಂದ ಏನಾದರೂ ಹಿಂಡಿ ತೆಗೆಯಲೇಬೇಕು. ನನ್ನ ಫೋನಿನಲ್ಲಿ ಗಂಟೆಗೊಮ್ಮೆ ಗುಂಯ್ ಎನ್ನುವ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆ, ಕಳೆದ ಗಂಟೆಯಲ್ಲಿ ಏನು ಮಾಡಿದೆ ಎಂದು ಅದು ಕೇಳುತ್ತಿತ್ತು. ಅನ್ನ ಕುದಿಯುವಾಗ ಪಾಠದ ಟಿಪ್ಪಣಿ, ಹಲ್ಲುಜ್ಜುವಾಗ ಸುದ್ದಿ, ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡ ಭಾಷಣಗಳು. ಈ ಕ್ಷಣದಲ್ಲಿ ಬದುಕುವುದು ಹೇಗೆ ಎಂಬ ಒಂದು ಭಾಷಣವನ್ನಂತೂ ಬೇಗ ಮುಗಿಯಲೆಂದು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ್ದೇನೆ. ಚೆನ್ನಾಗಿತ್ತು. ಏನು ಹೇಳಿದರು ಎಂದು ಕೇಳಬೇಡಿ.

ಗದ್ವಾಲದಿಂದ ಮಕ್ತಲ್‌ಗೆ ಬರುವ ದಾರಿ ಕೃಷ್ಣೆಯ ಮೇಲೆ, ಜೂರಾಲ ಅಣೆಕಟ್ಟಿನ ಮೇಲೆಯೇ ಹಾಯ್ದು ಬರುತ್ತದೆ. ಊರೂರಿನಿಂದ ಜನ ರೊಟ್ಟಿ ಕಟ್ಟಿಕೊಂಡು ಆ ನೀರು ನೋಡಲು ಬರುತ್ತಾರೆ, ಅಲ್ಲಿ ಕರಿದ ಮೀನು ತಿಂದು ಹೋಗುತ್ತಾರೆ. ನಾನು ಎಷ್ಟೋ ವರ್ಷ ಅದರ ಮೇಲೆ ಓಡಾಡಿದರೂ ಅಣೆಕಟ್ಟು ಬಂತೆಂದು ಗೊತ್ತಾಗುತ್ತಿದ್ದುದು ಫೋನಿನ ಮೇಲೆ ಬಿಸಿಲು ಬಿದ್ದು ಅಕ್ಷರ ಕಾಣದಾದಾಗ. ಛೇ, ಇದೊಂದು ಅಡ್ಡಿ ಎಂದು ಬಸ್ಸಿನ ಪರದೆ ಎಳೆದುಕೊಳ್ಳುತ್ತಿದ್ದೆ.

ಹೋದ ವರ್ಷ ದಸರಾ ರಜೆಗೆ ಮುಂಚೆ ಅಕ್ಕನ ಗಂಟಲು ಕಟ್ಟಿತು. ತಿಂಗಳು ಕಳೆದರೂ ಬಿಡಲಿಲ್ಲ. ರಾಯಚೂರಿನಲ್ಲಿ ಡಾಕ್ಟರು ಕೊಳವೆ ಬಿಟ್ಟು ನೋಡಿ, ಧ್ವನಿ ಹೊರಡುವ ಜಾಗದಲ್ಲಿ ಒಂದು ಗಂಟು ಬೆಳೆದಿದೆ ಎಂದರು. ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು. ತೆಗೆದ ಮೇಲೆ ಕೆಲವು ವಾರ ಒಂದು ಅಕ್ಷರವೂ ಆಡುವಂತಿಲ್ಲ. ಆಮೇಲೆ ಧ್ವನಿ ಬರುತ್ತದೆಯೇ ಎಂದು ಭಾವ ಕೇಳಿದರೆ, ಬರಬೇಕು, ಹಳೆಯದೇ ಬರುತ್ತದೆಂದು ಮಾತು ಕೊಡಲಾರೆ ಎಂದರಂತೆ.

ಇದು ಬೇರೆ ಯಾರಿಗೆ ಆಗಿದ್ದರೂ ಇಷ್ಟು ಹೆದರುತ್ತಿರಲಿಲ್ಲ. ನನ್ನ ಅಕ್ಕ ಮಾತಿನ ಮೇಲೆ ಬದುಕಿದವಳು. ಎಮ್ಮೆಯನ್ನೂ ಬೈದು, ಬೈದದ್ದಕ್ಕೆ ಕಾರಣ ತಿಳಿಸಿ ಹೇಳುವವಳು. ಓಣಿಯಲ್ಲಿ ಅವಳ ಧ್ವನಿ ಕೇಳಿಸದಿದ್ದರೆ ಗೌರಮ್ಮ ಊರಲ್ಲಿಲ್ಲ ಎಂದು ಜನ ತಿಳಿಯುತ್ತಿದ್ದರು. ಡಾಕ್ಟರು ಆಪರೇಶನ್ ಆಗುವವರೆಗೆ ಮಾತು ಕಡಿಮೆ ಮಾಡಿ ಎಂದಿದ್ದರು. ಅವಳು ಅದಕ್ಕೆ ತನ್ನದೇ ಅರ್ಥ ಹಚ್ಚಿಕೊಂಡು ನನಗೆ ಫೋನು ಮಾಡಿದಳು.

“ಮುಂದ ಹೆಂಗೂ ಸುಮ್ನ ಇರಬೇಕಂತ. ಅದಕ್ಕ ಮದ್ಲೇ ಒಂದಿಷ್ಟು ಮಾತಾಡಿ ಮುಗಿಸಿಬಿಡಣ. ಬೀಜದ ಶೇಂಗಾ ತೆಗ್ಸೀನಿ. ಬಾ.”

ನಾನು ಹೋದೆ, ಆದರೆ ಖಾಲಿ ಕೈಯಲ್ಲಿ ಹೋಗುವವಳೇ ನಾನು? ಅಕ್ಕನ ಧ್ವನಿ ಹೋಗುವುದರೊಳಗೆ ಅದನ್ನು ಹಿಡಿದಿಡಬೇಕೆಂದು ದಾರಿಯುದ್ದಕ್ಕೂ ಯೋಜನೆ ಹಾಕಿದೆ. ಅಜ್ಜಿ ಯಾವ ಊರಿನವಳು, ಹೊಲ ಹೇಗೆ ಬಂತು, ಮದುವೆಯ ಹಾಡುಗಳು ಯಾವುವು ಎಂದು ಪ್ರಶ್ನೆ ಸಿದ್ಧ ಮಾಡಿದೆ. ಮಕ್ತಲ್ ಬಂದಾಗ ಇಳಿಯಬೇಕೆಂಬುದೂ ಮರೆತಿತ್ತು, ಕಂಡಕ್ಟರ್ ಬೈದ ಮೇಲೆ ಇಳಿದೆ.

ಪಡಸಾಲೆಯಲ್ಲಿ ಅಕ್ಕ, ಪಕ್ಕದ ಮನೆಯ ಖಾಜಾಬೀ, ಮತ್ತು ನಡುವೆ ಗೋಣಿಚೀಲದ ಮೇಲೆ ಸುರಿದ ಶೇಂಗಾದ ರಾಶಿ. ಖಾಜಾಬೀ ಅಕ್ಕನ ಹಳೆಯ ಗೆಳತಿ, ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ನಾನೂ ಒಂದು ಮೊರ ಎಳೆದುಕೊಂಡು ಕೂತು, ಫೋನಿನಲ್ಲಿ ಧ್ವನಿ ಹಿಡಿಯುವುದನ್ನು ಚಾಲೂ ಮಾಡಿ ರಾಶಿಯ ಅಂಚಿಗೆ ಇಟ್ಟೆ. ಮೊದಲ ಪ್ರಶ್ನೆ ಕೇಳಿದೆ. ಅಕ್ಕ ಉತ್ತರ ಹೇಳಿದಳು. ಎರಡನೆಯದು ಕೇಳಿದೆ. ಅರ್ಧ ಹೇಳಿದಳು. ಮೂರನೆಯದಕ್ಕೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

“ಏ ಸರೂ, ನೀ ಮಾತಾಡಾಕ ಬಂದೀಯೋ, ಜನಗಣತಿ ಮಾಡಾಕ ಬಂದೀಯೋ?”

ಖಾಜಾಬೀ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಒಡೆಯತೊಡಗಿದೆ. ಅಷ್ಟರಲ್ಲಿ ನನ್ನ ಕೈಗೆ ಉದ್ದನೆಯ ಒಂದು ಕಾಯಿ ಬಂತು. ಒತ್ತಿದೆ. ಮೂರು ಬೀಜ.

ಖಾಜಾಬೀಯ ಕಣ್ಣು ಚುರುಕು. “ಮೇಡಮ್‌ಗೆ ಬಂತು ನೋಡ್ರಿ. ಈಗ ಹೇಳಾಕ ಬೇಕು.”

ನಾನು ಹೇಳಲು ಬಾಯಿ ತೆರೆದೆ. ಕಾಲೇಜಿನ ಸಮಿತಿಯೊಂದಕ್ಕೆ ನನ್ನನ್ನು ಸೇರಿಸಿದ್ದಾರೆ, ವಿಚಾರ ಸಂಕಿರಣಕ್ಕೆ ಒಂದು ಪ್ರಬಂಧ ಬರೆಯುತ್ತಿದ್ದೇನೆ, ಮೌಲ್ಯಮಾಪನ ಮುಗಿಯಿತು ಎಂದೆ. ಅಕ್ಕ ತಲೆ ಅಲ್ಲಾಡಿಸಿದಳು.

“ಅದು ಸುದ್ದಿ ಅಲ್ಲ. ಕೆಲಸ.”

ಖಾಜಾಬೀಗೆ ನನ್ನ ಮೇಲೆ ಕರುಣೆ ಬಂದಿರಬೇಕು. ಬಸ್ಸಿನಲ್ಲಿಯಾದರೂ ಏನಾದರೂ ಆಗಿರುತ್ತದಲ್ಲ, ಜರಾ ನೆನಪು ಮಾಡಿಕೊಳ್ಳಿ ಎಂದಳು. ಆಗಿರುತ್ತದೆ. ಅಷ್ಟು ಜನ, ಅಷ್ಟು ದೂರ, ಏನೂ ಆಗದೆ ಇರುತ್ತದೆಯೇ? ನಾನು ನೆನಪಿನ ಮೂಲೆ ಮೂಲೆ ಹುಡುಕಿದೆ. ಪಕ್ಕದಲ್ಲಿ ಕೂತಿದ್ದವರು ಹೆಂಗಸೋ ಗಂಡಸೋ ಎಂದು ಸಹ ಹೇಳಲು ಬರಲಿಲ್ಲ. ಒಂದು ವಾರ, ಗಂಟೆ ಗಂಟೆಗೂ ಲೆಕ್ಕ ಇರುವ ವಾರ, ಅದರೊಳಗೆ ಇನ್ನೊಬ್ಬರಿಗೆ ಹೇಳಿ ನಗಿಸುವಂಥ ಒಂದು ತುಣುಕು ಇರಲಿಲ್ಲ.

“ಅಷ್ಟು ಊರು ತಿರಗ್ತೀ, ನಿನ್ನ ಹತ್ರ ಒಂದು ಸುದ್ದಿ ಇಲ್ಲಂದ್ರ,” ಅಕ್ಕ ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು, “ಏನು ತಿಂದು ಬದಕ್ತೀ ತಂಗಿ?”

ಆ ಮೂರೂ ಬೀಜವನ್ನು ನನ್ನ ಅಂಗೈಯಿಂದ ತೆಗೆದು ತಾನೇ ಬಾಯಿಗೆ ಹಾಕಿಕೊಂಡು, ನನ್ನ ಬದಲಿಗೆ ಅವಳೇ ಹೇಳಿದಳು. ಅಂದು ಸಂಜೆಯವರೆಗೆ ಅವಳು ಹೇಳಿದ್ದೇ ಹೇಳಿದ್ದು, ಮೂರು ಬೀಜ ಸಿಕ್ಕಾಗಲೂ ಸಿಗದಿದ್ದಾಗಲೂ. ಧ್ವನಿ ಆಗಲೇ ಹರಿದಿತ್ತು. ಮಾತಿನ ಕೊನೆ ಗಾಳಿಯಾಗಿ ಹೋಗುತ್ತಿತ್ತು, ಆ ಕೊನೆಯನ್ನು ಕೈಯಿಂದ ತೋರಿಸಿ ಮುಗಿಸುತ್ತಿದ್ದಳು. ನಡುವೆ ಭಾವ ಬಂದು ಇನ್ನೊಂದು ಬುಟ್ಟಿ ಕಾಯಿ ತಂದು ರಾಶಿಗೆ ಸುರಿದು ಹೋದರು. ನಾವು ನಗುತ್ತಿದ್ದೆವು, ಯಾರೂ ಗಮನಿಸಲಿಲ್ಲ.

ಫೋನು ಎಲ್ಲಿ ಎಂದು ನೆನಪಾದದ್ದು ಹೊರಡುವ ಹೊತ್ತಿಗೆ. ರಾಶಿಯ ತಳದಲ್ಲಿ ಸಿಕ್ಕಿತು. ಪಾಪ, ಅದು ತನ್ನ ಕೆಲಸ ಬಿಟ್ಟಿರಲಿಲ್ಲ, ಇಡೀ ಮಧ್ಯಾಹ್ನ ಹಿಡಿದಿಟ್ಟಿತ್ತು. ಬಸ್ಸಿನಲ್ಲಿ ಹಚ್ಚಿ ಕೇಳಿದೆ. ಕಾಯಿ ಉರುಳುವ ಸದ್ದು, ಗೋಣಿಚೀಲ ಸರಿಯುವ ಸದ್ದು. ಎಲ್ಲೋ ನಡುವೆ, ಬಾವಿಯ ತಳದಿಂದ ಬಂದಂತೆ, ಒಂದು ನಗು. ಅಕ್ಕನ ಧ್ವನಿಯ ಉಳಿತಾಯ ಎಂದರೆ ಇಷ್ಟೇ. ಅವಳು ಏನೇನು ಹೇಳಿದಳು ಎಂದು ಅದೇ ಬಸ್ಸಿನಲ್ಲಿ ಬರೆದಿಟ್ಟುಕೊಳ್ಳಲು ಕೂತರೆ ಅರ್ಧ ಆಗಲೇ ಜಾರಿತ್ತು. ಬಿಟ್ಟುಬಿಟ್ಟೆ. ಹೊಟ್ಟೆ ನೋಯುವಷ್ಟು ನಕ್ಕದ್ದು ಖರೆ. ಯಾವುದಕ್ಕೆ ಎಂಬುದು ಹೋಯಿತು.

ಆಪರೇಶನ್ ಆಯಿತು. ಅಕ್ಕ ಮನೆಗೆ ಬಂದಳು, ಮೌನವಾಗಿ.

ಆ ಮನೆಯಲ್ಲಿ ಮೌನ ಹೊಸ ಪಾತ್ರೆಯಂತಿತ್ತು, ಎಲ್ಲಿ ಇಟ್ಟರೂ ಹೊಂದುತ್ತಿರಲಿಲ್ಲ. ಭಾವ ಅವಳಿಗೆ ಗಟ್ಟಿಯಾಗಿ ಒದರಿ ಮಾತಾಡುತ್ತಿದ್ದರು, ಹೋದದ್ದು ಕಿವಿ ಎನ್ನುವಂತೆ. ಎಮ್ಮೆ ಹಾಲು ಕಡಿಮೆ ಮಾಡಿತು ಎಂದು ಅವರೇ ಹೇಳಿದರು. ಇದನ್ನು ನಾನು ಪರೀಕ್ಷಿಸಿಲ್ಲ. ಬತ್ತ ಕೊಯ್ದ ಮೇಲೆ ಕಾಲುವೆಯ ಕೆಳಗಿನ ಹೊಲಕ್ಕೆ ಬಿತ್ತಲು ಇನ್ನೂ ಬೀಜ ಬೇಕಿತ್ತು. ಹಾಗಾಗಿ ಭಾನುವಾರಗಳಲ್ಲಿ ನಾನು ಹೋಗಿ ಕೂರುತ್ತಿದ್ದೆ. ಅಕ್ಕ ನನ್ನನ್ನು ಕರೆಯಬೇಕಾದರೆ ಒಂದು ಸಿಪ್ಪೆ ಎತ್ತಿ ನನ್ನ ಮೇಲೆ ಎಸೆಯುತ್ತಿದ್ದಳು. ಆ ವಿಷಯದಲ್ಲಿ ಗುರಿ ತಪ್ಪಲಿಲ್ಲ.

ಮೊದಲ ಭಾನುವಾರ ಅವಳ ಕೈಗೇ ಮೂರು ಬೀಜದ ಕಾಯಿ ಬಂತು. ಒಡೆಯದೆ, ಕಿವಿಯ ಹತ್ತಿರ ಅಲ್ಲಾಡಿಸಿ, ತೂಗಿ ನೋಡಿ, ನನ್ನ ಮೊರಕ್ಕೆ ಹಾಕಿದಳು. ನಾನು ಅವಳ ಮುಖ ನೋಡಿದೆ. ಹೇಳು ಎಂದು ಗದ್ದ ಎತ್ತಿದಳು. ತನ್ನ ಸರದಿಯನ್ನು ನನಗೆ ಕೊಟ್ಟಿದ್ದಳು. ನನ್ನ ಹತ್ತಿರ ಅಂದೂ ಏನೂ ಇರಲಿಲ್ಲ. ಅವಳು ಕಾದಳು. ಆಮೇಲೆ ಕಾಯಿಯನ್ನು ಮರಳಿ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು, ಮುಂದಿನ ವಾರಕ್ಕೆ.

ಬೈದಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಆ ಗಂಟನ್ನು ನೋಡಿದ ಮೇಲೆ ಆಗಲಿಲ್ಲ. ಮುಂದಿನ ಸಲ ಬಸ್ಸಿನಲ್ಲಿ ಕಿವಿಗೆ ಏನೂ ಸಿಕ್ಕಿಸಿಕೊಳ್ಳಲಿಲ್ಲ. ಮೊದಲು ಏನೂ ಕಾಣಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ಬರೀ ಧೂಳು, ಬೇಜಾರು, ಫೋನು ಸವರಲು ಬೆರಳಿನ ತುರಿಕೆ. ಸುದ್ದಿ ಹುಡುಕುವುದನ್ನೂ ನಾನು ಒಂದು ಕೆಲಸವನ್ನಾಗಿ ಮಾಡಿಕೊಂಡಿದ್ದೆ, ಅದಕ್ಕೇ ಸಿಗಲಿಲ್ಲವೋ ಏನೋ. ಬೇಸತ್ತು ಸುಮ್ಮನೆ ಕೂತಾಗ ಎದುರಿನ ಸೀಟಿನವನು ಕಂಡ. ಕರ್ನೂಲಿನಲ್ಲಿ ಗಾರೆಯ ಕೆಲಸ ಮುಗಿಸಿ ತನ್ನೂರು ದಾಮರಗಿದ್ದಕ್ಕೆ ಮರಳುತ್ತಿದ್ದವನು, ತೊಡೆಯ ಮೇಲೆ ಹೊಸ ಟೇಬಲ್ ಫ್ಯಾನು. ಅಣೆಕಟ್ಟಿನ ಮೇಲೆ ಬಂದಾಗ ಕಿಟಕಿಯ ಗಾಳಿಗೆ ಫ್ಯಾನು ತಾನೇ ತಿರುಗತೊಡಗಿತು. ಅವನು ಅದನ್ನು ನಿಲ್ಲಿಸಲಿಲ್ಲ. ಮೆಲ್ಲಗೆ ನನ್ನ ಕಡೆಗೊಮ್ಮೆ, ಕಂಡಕ್ಟರನ ಕಡೆಗೊಮ್ಮೆ ತಿರುಗಿಸಿ ಎಲ್ಲರಿಗೂ ಗಾಳಿ ಹಂಚಿದ. ಅದರ ಹಿಂದೆ ನೀರು ಇತ್ತು. ಎಷ್ಟು ನೀರು, ಮಾರಾಯ್ರೇ. ಇಷ್ಟು ವರ್ಷ ಪರದೆ ಎಳೆದು ಮುಚ್ಚಿದ್ದ ನೀರು.

ಆ ಭಾನುವಾರ ಅಕ್ಕ ಸೆರಗಿನ ಗಂಟು ಬಿಚ್ಚಿ ಕಾಯಿ ಕೊಟ್ಟಳು. ನಾನು ಫ್ಯಾನಿನ ಸುದ್ದಿ ಹೇಳಿದೆ. ಅವಳು ನಗುವಂತಿರಲಿಲ್ಲ, ನಗುವುದಕ್ಕೂ ಡಾಕ್ಟರು ಬೇಡ ಎಂದಿದ್ದರು. ಭುಜ ಕುಣಿಸಿದಳು. ಖಾಜಾಬೀ ಮಾತ್ರ ಅವಳ ಪಾಲನ್ನೂ ಸೇರಿಸಿ ನಕ್ಕಳು.

ಆಮೇಲೆ ಸುದ್ದಿಗೆ ಬರ ಬರಲಿಲ್ಲ. ಜೂರಾಲದಲ್ಲಿ ಮೀನು ಕರಿಯುವ ಹೆಂಗಸು, ಕೆಟ್ಟು ನಿಂತ ಬಸ್ಸಿನ ಡ್ರೈವರನಿಗೆ, ನಿನ್ನ ಬಸ್ಸಿಗಿಂತ ನನ್ನ ಮೀನು ಜೋರಾಗಿ ಓಡುತ್ತಿತ್ತು ಎಂದದ್ದು. ಗದ್ವಾಲದ ನೇಕಾರನೊಬ್ಬ ಸೀರೆಯ ಗಂಟನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಬಸ್ಸು ಎತ್ತಿಹಾಕಿದಾಗಲೆಲ್ಲ ತಟ್ಟುತ್ತಿದ್ದದ್ದು. ಒಂದು ದಿನ ಫೋನು ಗುಂಯ್ ಎಂದು, ಕಳೆದ ಗಂಟೆಯಲ್ಲಿ ಏನು ಮಾಡಿದಿರಿ ಎಂದು ಕೇಳಿತು. ಒಡೆದ ಶೇಂಗಾ, ಕೇಳಿದ ಹರಟೆ, ತಿಂದ ಬೀಜ, ಯಾವ ಖಾನೆಗೆ ಹಾಕುವುದು? ಆ ವ್ಯವಸ್ಥೆಯನ್ನೇ ತೆಗೆದುಹಾಕಿದೆ. ಅದರಿಂದ ನನ್ನ ಪಾಠ ಕೆಟ್ಟಿಲ್ಲ, ಪ್ರಬಂಧವೂ ಮುಗಿದಿದೆ. ಮೊದಲಿಗಿಂತ ಕಡಿಮೆ ದಿನದಲ್ಲಿ ಮುಗಿಯಿತು ಎನ್ನಲು ನಾಲಿಗೆ ತುರಿಸುತ್ತದೆ. ಹಾಗೆ ಹೇಳಿದರೆ ಮತ್ತೆ ಅದೇ ಗಾಣಕ್ಕೆ ತಲೆ ಕೊಟ್ಟಂತೆ. ಸುಮ್ಮನೆ ಕೂತ ಹೊತ್ತಿಗೆ ಲಾಭ ತೋರಿಸಿ ಸಮರ್ಥನೆ ಕೊಡಬೇಕಾಗಿಲ್ಲ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ, ಅರ್ಥಶಾಸ್ತ್ರ ಓದಿಯೂ.

ಮೌನದ ಅವಧಿ ಮುಗಿಯುವ ಮುಂಚಿನ ಭಾನುವಾರ. ಫೋನಿನಲ್ಲಿ ಹಿಡಿದಿದ್ದ ಆ ನಗುವನ್ನು ಅಂದು ಇಬ್ಬರಿಗೂ ಕೇಳಿಸಿದೆ. ಅದು ತನ್ನದೆಂದು ಅಕ್ಕ ಎದೆ ಮುಟ್ಟಿ ತೋರಿಸಿದಳು. ಖಾಜಾಬೀ ಒಪ್ಪಲಿಲ್ಲ, ತನ್ನದೇ ಎಂದಳು. ಮೂರನೆಯ ಸಲ ಕೇಳಿದಾಗ ನನ್ನದಿರಬಹುದು ಎಂದು ನನಗೂ ಅನಿಸಿತು. ಮೂವರೂ ಬಿಟ್ಟುಕೊಡಲಿಲ್ಲ. ಆದರೆ ನಾನು ನೋಡಿದೆ, ಅಕ್ಕನ ಕೈ ಎದೆಯಿಂದ ಗಂಟಲಿಗೆ ಹೋಗಿ ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿತು. ಬರುವುದು ಏನು ಬರುತ್ತದೋ ಎಂದು ಅವಳೂ ಕಾಯುತ್ತಿದ್ದಳು. ಆ ವಾರಗಳಲ್ಲಿ ಅವಳ ಹೆದರಿಕೆಯನ್ನು ನಾನು ಕಂಡದ್ದು ಅದೊಂದೇ ಸಲ.

ಗದ್ವಾಲದ ಬಸ್ಸಿನ ಹೊತ್ತಾಯಿತು. ಮರುದಿನ ಬೆಳಿಗ್ಗೆ ಮೊದಲ ತಾಸೇ ನನ್ನ ಪಾಠ. ನನ್ನ ಮೊರದಲ್ಲಿ ಇನ್ನೂ ಕಾಯಿ ಇತ್ತು. ಹಳೆಯ ಚಾಳಿ, ಅವನ್ನು ಸಿಪ್ಪೆಯ ಕೆಳಗೆ ಸರಿಸಿ, ಕೈ ಝಾಡಿಸಿ ಎದ್ದೆ. ಚೀಲ ಹೆಗಲಿಗೆ ಹಾಕಿಕೊಂಡೆ. ಹಿಂದೆ ಟಪ್ ಎಂದು ಒಂದು ಕಾಯಿ ಒಡೆದ ಸದ್ದು. ತಿರುಗಿದೆ. ಅಕ್ಕನ ಅಂಗೈಯಲ್ಲಿ ಮೂರು ಬೀಜ. ನನ್ನ ಕಡೆ ಚಾಚಲಿಲ್ಲ. ಒಂದು ಸಲ ಉಗುಳು ನುಂಗಿದಳು.

“ನಿನ್ನಿ ಬೆಕ್ಕು ಒಲಿಮ್ಯಾಗಿನ ಹಾಲು ಕುಡೀತು,” ಎಂದಳು. “ನನ್ನ ಮುಖಾ ನೋಡಿಕೋಂತ ಕುಡೀತು. ಇಕಿಗಿ ಒದರಾಕ ಬರಂಗಿಲ್ಲಂತ ಅದಕ್ಕೂ ಗೊತ್ತಾಗೈತಿ.”

ಅದು ನನಗೆ ಪರಿಚಯವಿಲ್ಲದ ಧ್ವನಿ. ತಗ್ಗಿನದು, ಮರಳಿನ ಮೇಲೆ ಮೊರ ಎಳೆದಂತೆ ಸ್ವಲ್ಪ ಒರಟು. ಆದರೆ ತುಂಡಾಗಲಿಲ್ಲ, ಮಾತಿನ ಕೊನೆಯವರೆಗೂ ಅದು ಧ್ವನಿಯಾಗಿಯೇ ಇತ್ತು. ಕೈಯಿಂದ ತೋರಿಸಿ ಮುಗಿಸಬೇಕಾಗಲಿಲ್ಲ.

ಖಾಜಾಬೀ ತೋಬಾ ತೋಬಾ ಎನ್ನುತ್ತ, ಡಾಕ್ಟರು ಹೇಳಿದ ದಿನ ಇನ್ನೂ ಬಂದಿಲ್ಲ ಎಂದು ಬೈಯತೊಡಗಿದಳು, ಬೈಯುತ್ತಲೇ ಕಣ್ಣೊರೆಸಿಕೊಂಡಳು. ಅಕ್ಕ ಅವಳ ಕಡೆ ಗಮನ ಕೊಡಲಿಲ್ಲ. ಬಗ್ಗಿ ನನ್ನ ಸಿಪ್ಪೆಯೊಳಗೆ ಒಮ್ಮೆ ಕೈ ಆಡಿಸಿದಳು. ಕಾಯಿಗಳು ಮೇಲೆ ಬಂದವು.

“ಕುಂದ್ರು. ಮರ ಮುಗೀಲಿ.”

ಚೀಲ ಕೆಳಗಿಟ್ಟು ಕೂತೆ. ನಿಲ್ದಾಣದ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿ ದೂರವಾಯಿತು. ಥೇಟ್ ಅವ್ವನ ಧ್ವನಿ ಅಕ್ಕಾ ಎಂದೆ. ಅಕ್ಕ ಮೂರೂ ಬೀಜ ಬಾಯಿಗೆ ಹಾಕಿಕೊಂಡು, ಮತ್ತೆ ಮೌನಕ್ಕೆ ಮರಳಿ, ಎರಡು ಬೆರಳು ಒತ್ತಿ ಹಿಡಿದು ತೋರಿಸಿದಳು: ಅವ್ವನ ಧ್ವನಿ ಸಣ್ಣಗಿತ್ತು, ದಾರದಷ್ಟು ಸಣ್ಣಗೆ. ಇರಬಹುದು. ಮುಂದಿನ ಕಾಯಿ ಎತ್ತಿಕೊಂಡೆ. ಮೊರದಲ್ಲಿ ಇನ್ನೂ ಅರ್ಧ ಉಳಿದಿತ್ತು.